ಐಹೊಳೆಗೆ ಯಾವ ಕ್ಯಾಮೆರಾ?

ಹುನಗುಂದ ತಾಲ್ಲೂಕಿನ ಐಹೊಳೆಗೆ ಕ್ಯಾಮೆರಾ ಹೊತ್ತು ಬರುವ ಹವ್ಯಾಸಿಗಳು ದುರ್ಗ ಗುಡಿಯ ಮುಂದೆ ಮಾಡುವ ಮೊದಲ ಕೆಲಸ ಹಿಂದಕ್ಕೆ ಹೆಜ್ಜೆ ಹಾಕುವುದು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ ಸರಿದ ಮೇಲೆ ಗುಡಿ ಚೌಕಟ್ಟಿನೊಳಗೆ ಬರುತ್ತದೆ. ಆದರೆ ಮೆಟ್ಟಿಲೇರಿ ಪ್ರದಕ್ಷಿಣಾ ಪಥದೊಳಗೆ ಹೊಕ್ಕರೆ ಹಿಂದೆ ಸರಿಯಲು ಜಾಗವಿಲ್ಲ. ಬೆನ್ನಿಗೆ ಕಂಬ ತಾಗುತ್ತದೆ. ಎದುರಿಗಿನ ಮಹಿಷಮರ್ದಿನಿಯ ಕೈಗಳೆಲ್ಲ ಚಿತ್ರದ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ಅಂಗಡಿಯಲ್ಲಿ ಮಾಡಿದ ಆಯ್ಕೆ ಸರಿಯೋ ತಪ್ಪೋ ಎಂಬುದು ಗೊತ್ತಾಗುವುದು ಅಲ್ಲಿ.

ಕೈಯಲ್ಲಿರುವ ಹಣದ ಹೆಚ್ಚಿನ ಪಾಲನ್ನು ಕ್ಯಾಮೆರಾಕ್ಕೆ ಸುರಿಯಬೇಕೋ, ಲೆನ್ಸಿಗೋ? ಹವ್ಯಾಸಿ ಛಾಯಾಗ್ರಾಹಕರ ನಡುವೆ ಮುಗಿಯದ ವಾದವಿದು. ಡಿಜಿಟಲ್ ಎಸ್‌ಎಲ್‌ಆರ್ ಬಂದ ಮೇಲೆ ಹುಟ್ಟಿದ ವಾದವೆಂದು ಹಲವರು ತಿಳಿದಿದ್ದಾರೆ. ಮಲಪ್ರಭೆಯ ದಂಡೆಯ ಮಟ್ಟಿಗೆ ಹೇಳುವುದಾದರೆ ಇದಕ್ಕೆ ನೂರಎಪ್ಪತ್ತು ವರ್ಷಗಳ ಇತಿಹಾಸವಿದೆ. ಆ ವಾದದಲ್ಲಿ ಮೊದಲು ತೀರ್ಮಾನ ಹೇಳಬೇಕಾಗಿ ಬಂದದ್ದು ಒಬ್ಬ ಫಿರಂಗಿದಳದ ಕ್ಯಾಪ್ಟನ್‌ಗೆ ಮತ್ತು ಒಬ್ಬ ಡಾಕ್ಟರಿಗೆ.

ಅಜಂತಾದ ಚಿತ್ರಗಳನ್ನು ಪ್ರತಿ ಮಾಡಲು ಈಸ್ಟ್ ಇಂಡಿಯಾ ಕಂಪನಿ 1844ರಲ್ಲಿ ರಾಬರ್ಟ್ ಗಿಲ್ ಎಂಬ ಸೇನಾಧಿಕಾರಿಯನ್ನು ನೇಮಿಸಿತ್ತು. ಕುಂಚದ ಕೆಲಸ ವರ್ಷಗಟ್ಟಲೆ ಹಿಡಿಯುತ್ತದೆ, ಖರ್ಚೂ ಹೆಚ್ಚು. ಹಳೆಯ ಕಟ್ಟಡಗಳನ್ನು ದಾಖಲಿಸಲು ಇನ್ನು ಮುಂದೆ ಫೋಟೊಗ್ರಫಿಯೇ ಮೇಲೆಂದು ಕಂಪನಿಯ ನಿರ್ದೇಶಕರಿಗೆ ಅನ್ನಿಸಿದ್ದು 1850ರ ದಶಕದ ಮಧ್ಯದಲ್ಲಿ. ನಿಖರತೆಯೂ ಸಿಗುತ್ತದೆ, ಹಣವೂ ಉಳಿಯುತ್ತದೆ ಎಂಬ ಲೆಕ್ಕಾಚಾರ. 1854ರಲ್ಲಿ ಮುಂಬಯಿಯಲ್ಲಿ ಫೋಟೊಗ್ರಫಿ ಸಂಘವೂ ಹುಟ್ಟಿಕೊಂಡಿತ್ತು. ಮರುವರ್ಷ, 1855ರಲ್ಲಿ, ಮುಂಬಯಿ ಸರ್ಕಾರವು ಬಾಂಬೆ ಆರ್ಟಿಲರಿಯ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಈ ಕೆಲಸಕ್ಕೆ ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆ, ಧಾರವಾಡದ ಸುತ್ತ ಬಿಗ್ಸ್ ಚಿತ್ರ ತೆಗೆದ. ಆ ವರ್ಷದ ಡಿಸೆಂಬರಿನಲ್ಲಿ ಸೇನೆಗೆ ವಾಪಸು ಕರೆ ಬಂತು. ಅವನ ಜಾಗಕ್ಕೆ ಬಂದವನು ಬಾಂಬೆ ವೈದ್ಯಕೀಯ ಸೇವೆಯ ಡಾ. ಪಿಗೂ. ಇಬ್ಬರಿಗೂ ಛಾಯಾಗ್ರಹಣ ಹೊಟ್ಟೆಪಾಡಿನ ವೃತ್ತಿಯಾಗಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಹವ್ಯಾಸಿಗಳೇ.

ಅವರ ಮುಂದಿದ್ದ ಆಯ್ಕೆ ಗಾಜೋ ಕಾಗದವೋ ಎಂಬುದು. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೊಟೈಪ್ ವಿಧಾನದಲ್ಲಿ ನೆಗೆಟಿವ್ ಮೂಡುವುದು ಬೆಳ್ಳಿಯ ಲವಣ ಬಳಿದ ಕಾಗದದ ಮೇಲೆ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕಲೋಡಿಯನ್ ಎಂಬ ಅಂಟುದ್ರವ ಬಳಿದು ಚಿತ್ರ ಪಡೆಯುವ ದಾರಿ ತೋರಿಸಿದ. ಗಾಜಿನ ಚಿತ್ರ ಎಷ್ಟು ಸ್ಪಷ್ಟವೆಂದರೆ ಅದರ ಮುಂದೆ ಕಾಗದದ ಚಿತ್ರ ಮಬ್ಬು. ಪೇಟೆಯಲ್ಲಿ ಕುಳಿತು ಆರಿಸಿಕೊಳ್ಳುವವರಾದರೆ ಗಾಜನ್ನೇ ಹಿಡಿಯಬೇಕು.

ಆದರೆ ಗಾಜಿಗೆ ಒಂದು ಕಟ್ಟುಪಾಡಿತ್ತು. ದ್ರವ ಬಳಿದ ಗಾಜು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಹಸಿಯಾಗಿರುವಾಗಲೇ ತೊಳೆಯಬೇಕು. ಹತ್ತು ಹದಿನೈದು ನಿಮಿಷದೊಳಗೆ ಎಲ್ಲ ಮುಗಿಯಬೇಕು. ಬಿಸಿಲು ನಾಡಿನಲ್ಲಿ ಆ ಅವಧಿ ಇನ್ನೂ ಕಿರಿದು. ಎಂದರೆ ಪ್ರತಿ ಗುಡಿಯ ಮುಂದೆಯೂ ಕತ್ತಲೆಯ ಡೇರೆ ಹೊಡೆಯಬೇಕು, ಶುದ್ಧ ನೀರು ತರಿಸಬೇಕು, ಗಾಜಿನ ಹಲಗೆಗಳನ್ನು ಒಡೆಯದಂತೆ ಚಕ್ಕಡಿಯಲ್ಲಿ ಸಾಗಿಸಬೇಕು. ಕಾಗದಕ್ಕೆ ಈ ತಾಪತ್ರಯವಿಲ್ಲ. ಅದಕ್ಕೆ ಮೊದಲೇ ಮೇಣ ಸವರುವ ವಿಧಾನವನ್ನು ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ ಮೇಲಂತೂ ಹಾಳೆಗಳನ್ನು ದಿನಗಳ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬಹುದಿತ್ತು. ಚಿತ್ರ ತೆಗೆದು, ಬಿಡಾರಕ್ಕೆ ಬಂದು, ರಾತ್ರಿ ಆರಾಮವಾಗಿ ತೊಳೆದರೂ ನಡೆಯುತ್ತಿತ್ತು. ಬಿಗ್ಸ್ ಹಿಡಿದದ್ದು ಕಾಗದವನ್ನೇ. ಸ್ಪಷ್ಟತೆ ಕಡಿಮೆಯಾಯಿತು, ನಿಜ. ಚಿತ್ರ ಮಾತ್ರ ಕೈಗೆ ಬಂತು.

ಇನ್ನೊಂದು ತೊಡಕು ಕಲ್ಲಿನದೇ. ಬಾದಾಮಿ, ಐಹೊಳೆಗಳ ಮರಳುಗಲ್ಲು ಕೆಂಪು. ಅಂದಿನ ಬೆಳ್ಳಿಯ ಲವಣಕ್ಕೆ ನೀಲಿ ಬೆಳಕು ಮಾತ್ರ ಕಾಣುತ್ತಿತ್ತು. ಕೆಂಪು ಅದಕ್ಕೆ ಕತ್ತಲೆಯ ಸಮಾನ. ನೀಲಿ ಆಕಾಶ ಬೆಳ್ಳಗೆ ಬಿಳುಚಿಕೊಳ್ಳುವ ಹೊತ್ತಿಗೆ ಕೆಂಪು ಗೋಡೆ ಇನ್ನೂ ಮೂಡಿಯೇ ಇರುತ್ತಿರಲಿಲ್ಲ. ಆದ್ದರಿಂದ ಕ್ಯಾಮೆರಾದ ಬಾಯಿ ನಿಮಿಷಗಟ್ಟಲೆ ತೆರೆದಿಡಬೇಕಾಗುತ್ತಿತ್ತು. ಆ ಕಾಲದ ಚಿತ್ರಗಳಲ್ಲಿ ಮೋಡಗಳೇ ಇಲ್ಲದ ಬಿಳಿ ಆಕಾಶ ಕಾಣುವುದರ ಗುಟ್ಟು ಇದೇ. ಜನರಿಲ್ಲದೆ ಗುಡಿಗಳು ಬಿಕೋ ಎನ್ನುವಂತೆ ತೋರುವುದಕ್ಕೂ ಇದೇ ಒಂದು ಕಾರಣ. ಅಷ್ಟು ಹೊತ್ತು ಅಲುಗದೆ ನಿಂತವರ ಬಿಂಬವಷ್ಟೇ ಕಾಗದದ ಮೇಲೆ ಉಳಿಯುತ್ತಿತ್ತು. ಲಾಡ್‌ಖಾನ್, ಹುಚ್ಚಪ್ಪಯ್ಯ, ಗೌಡರ ಗುಡಿ ಎಂಬ ಹೆಸರುಗಳೇ ಹೇಳುವಂತೆ ಐಹೊಳೆಯ ಗುಡಿಗಳು ಜನರು ಬಾಳಿದ ಜಾಗಗಳು. ಚಿತ್ರ ಆ ಸದ್ದುಗದ್ದಲವನ್ನು ದಾಖಲಿಸಲಿಲ್ಲ.

ಲೆನ್ಸಿನ ಕತೆಯೂ ಸುಲಭದ್ದಲ್ಲ. ವಿಯೆನ್ನಾದ ಪೆಟ್ಜ್‌ವಾಲ್ 1840ರಲ್ಲಿ ರೂಪಿಸಿದ ಲೆನ್ಸು ಬೆಳಕನ್ನು ಧಾರಾಳವಾಗಿ ಒಳಬಿಡುತ್ತಿತ್ತು, ಆದರೆ ನಡುಭಾಗ ಮಾತ್ರ ಚೊಕ್ಕ, ಅಂಚು ಕಲಸಿದಂತೆ. ಮುಖಚಿತ್ರಕ್ಕೆ ಸರಿ, ಗುಡಿಯ ಸಾಲುಗಂಬಕ್ಕೆ ಸಲ್ಲದು. ಪ್ರಕೃತಿ ದೃಶ್ಯಕ್ಕೆಂದು ಮಾಡಿದ ಸರಳ ಲೆನ್ಸು ಅಂಚಿನವರೆಗೂ ಪರವಾಗಿಲ್ಲ ಎನ್ನುವಂತಿದ್ದರೂ ಬೆಳಕು ತೀರಾ ಕಡಿಮೆ. ಸಾಲದ್ದಕ್ಕೆ ಅಂಚಿನ ನೇರ ಗೆರೆಗಳನ್ನು ಹೊರಕ್ಕೆ ಬಾಗಿಸುತ್ತಿತ್ತು. ಈ ಬಾಗು ತಿದ್ದಿದ ಲೆನ್ಸುಗಳನ್ನು ಇಂಗ್ಲೆಂಡಿನ ಡಾಲ್‌ಮೇಯರ್ ಮತ್ತು ಜರ್ಮನಿಯ ಸ್ಟೈನ್‌ಹೈಲ್ ಬೇರೆ ಬೇರೆಯಾಗಿ ಹೊರತಂದದ್ದು 1866ರಲ್ಲಿ. ಹಾಗೆಯೇ, ಆಗ ನೆಗೆಟಿವನ್ನು ಹಿಗ್ಗಿಸಿ ಮುದ್ರಿಸುವ ಪದ್ಧತಿ ರೂಢಿಗೆ ಬಂದಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕಾದವನು ದೊಡ್ಡ ಪೆಟ್ಟಿಗೆಯನ್ನೇ ಹೊರಬೇಕಿತ್ತು.

ಅದೇ 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಸಂಸ್ಥೆ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಬಗ್ಗೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿತು. ಚಿತ್ರಗಳು ಬಿಗ್ಸ್, ಪಿಗೂ ಮತ್ತು ಮದ್ರಾಸಿನ ವೈದ್ಯಕೀಯ ಸೇವೆಯಲ್ಲಿದ್ದ ನೀಲ್ ಅವರವು. 1858ರಲ್ಲಿ ತೀರಿಕೊಂಡಿದ್ದ ಪಿಗೂ ಈ ಪುಸ್ತಕವನ್ನು ನೋಡಲಿಲ್ಲ. ಇತಿಹಾಸದ ಭಾಗ ಬರೆದವರು ಸುರಪುರದಲ್ಲಿ ಆಡಳಿತಗಾರರಾಗಿದ್ದ ಮೆಡೋಸ್ ಟೇಲರ್. ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್‌ರದು.

ಒಂದು ಲೆನ್ಸಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬ ಮಾತಿಗೆ ತೂಕ ಬರುವುದು ಇಲ್ಲಿ. ಫರ್ಗುಸನ್ ಐಹೊಳೆಯ ಬಗ್ಗೆ ಬರೆದದ್ದು ಲಂಡನ್ನಿನಲ್ಲಿ ಕುಳಿತು, ಚಿತ್ರಗಳನ್ನು ಮುಂದಿಟ್ಟುಕೊಂಡು. ದುರ್ಗ ಗುಡಿಯ ಹಿಂಭಾಗ ಬೌದ್ಧ ಚೈತ್ಯದಂತೆ ದುಂಡಗಿದೆ. ಆಗ ಅದರ ಮಾಳಿಗೆಯ ಮೇಲೆ ಕೋಟೆ ಕಾವಲಿನ ಕಲ್ಲುರಾಶಿ ಬೇರೆ ಇತ್ತು. ಗುಡಿಗೆ ದುರ್ಗವೆಂಬ ಹೆಸರು ಬಂದದ್ದು ಆ ಕೋಟೆಯಿಂದಲೇ ಹೊರತು ದುರ್ಗಾದೇವಿಯಿಂದಲ್ಲ. 1876ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಫರ್ಗುಸನ್ ಈ ಗುಡಿಯನ್ನು ಜೈನ ವಾಸ್ತುವಿನ ಭಾಗದಲ್ಲಿ ಸೇರಿಸಿಬಿಟ್ಟರು. ಪ್ರದಕ್ಷಿಣಾ ಪಥದ ಗೋಡೆಯಲ್ಲಿ ವರಾಹ, ನರಸಿಂಹ, ಹರಿಹರ, ಮಹಿಷಮರ್ದಿನಿ ಸಾಲಾಗಿ ನಿಂತಿದ್ದಾರೆ. ಆದರೆ ಹೊರಗಿನಿಂದ ತೆಗೆದ ಚಿತ್ರದಲ್ಲಿ ಆ ಪಥ ಬರೀ ಕಪ್ಪು ಪಟ್ಟಿ. ಕಂಬಗಳಾಚೆಯ ನೆರಳಿಗೆ ಕ್ಯಾಮೆರಾ ಇಳಿಯದಿದ್ದರೆ ಇಂಥ ಎಡವಟ್ಟು ಆಗಿಯೇ ಆಗುತ್ತದೆ. ಕೊಮಾರ ಎಂಬಾತ ಕಟ್ಟಿಸಿದ ಆದಿತ್ಯನ, ಅಂದರೆ ಸೂರ್ಯನ ಗುಡಿ ಇದೆಂದು ಮುಂದೆ ಶಾಸನತಜ್ಞರು ಓದಿದರು. ಈ ಗುಡಿಯನ್ನು ಯಾರು ಯಾವ ಕಾಲಕ್ಕೆ ಹೇಗೆ ಅರ್ಥ ಮಾಡಿಕೊಂಡರು ಎಂಬುದನ್ನೇ ಹಿಡಿದು ಅಮೆರಿಕದ ವಿದ್ವಾಂಸ ಗ್ಯಾರಿ ಟಾರ್ಟಕೋವ್ 1997ರಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾರೆ.

1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಸಮೀಕ್ಷೆಗೆ ಬಂದರು. ಹುನಗುಂದ, ಬಾದಾಮಿ ಆಗ ಕಲಾದಗಿಗೆ ಸೇರಿದ್ದವು. ಮುಂದೆ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಮೇಲಿನ ಗ್ರಂಥವನ್ನು 1926ರಲ್ಲಿ ಹೊರತಂದರು. ಅಷ್ಟು ಹೊತ್ತಿಗೆ ಒಣ ಗಾಜಿನ ಫಲಕ, ಅನಂತರ ಫಿಲ್ಮ್ ಬಂದು ಡೇರೆ, ಚಕ್ಕಡಿಗಳ ಕಾಲ ಮುಗಿದಿತ್ತು.

ಡಿಜಿಟಲ್ ಎಸ್‌ಎಲ್‌ಆರ್‌ನದು ತೀರಾ ಈಚಿನ ಚರಿತ್ರೆ. ಕೊಡ್ಯಾಕ್ ಕಂಪನಿ 1991ರಲ್ಲಿ ನಿಕಾನ್ ಎಫ್3 ಕ್ಯಾಮೆರಾದ ಬೆನ್ನಿಗೆ ಎಲೆಕ್ಟ್ರಾನಿಕ್ ಸೆನ್ಸರ್ ಕಟ್ಟಿ ಮಾರಾಟಕ್ಕಿಟ್ಟಿತು. 1999ರಲ್ಲಿ ನಿಕಾನ್ ಡಿ1 ಬಂತು. ಅದನ್ನು ಕೊಂಡವರು ಪತ್ರಿಕೆಗಳವರು. ಸಾಮಾನ್ಯ ಹವ್ಯಾಸಿಯ ಕೈಗೆ ಅದು ಎಟುಕಿದ್ದು 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿಗಿಂತ ಕಡಿಮೆಗೆ ಬಂದಾಗ. ಈಗ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಮುಂದಾಗಿ, ದೊಡ್ಡ ಕಂಪನಿಗಳ ಗಮನ ಅತ್ತ ಹೊರಳಿದೆ. ಇದರಿಂದ ಹವ್ಯಾಸಿಗೆ ಲಾಭವೇ: ಹಳೆಯ ಎಸ್‌ಎಲ್‌ಆರ್‌ಗಳು, ಅವುಗಳ ಲೆನ್ಸುಗಳು ಎರಡನೆಯ ಕೈಯಲ್ಲಿ ಅಗ್ಗವಾಗಿ ಸಿಗುತ್ತಿವೆ.

ಅಗ್ಗದ ಡಿಜಿಟಲ್ ಎಸ್‌ಎಲ್‌ಆರ್‌ಗಳ ಸೆನ್ಸರು ಹಳೆಯ 35 ಮಿ.ಮೀ. ಫಿಲ್ಮಿಗಿಂತ ಚಿಕ್ಕದು. ಕೊಂಡ ಮೇಲೆ ಬಹಳ ಜನರಿಗೆ ತಿಳಿಯುವ ಸಂಗತಿ ಇದು. ಆರು ಅಡಿ ದೂರದಲ್ಲಿ ನಿಂತು 50 ಮಿ.ಮೀ. ಲೆನ್ಸಿನಲ್ಲಿ ನೋಡಿದರೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿಗೆ ಸುಮಾರು ನಾಲ್ಕೂಕಾಲು ಅಡಿ ಅಗಲದ ಗೋಡೆ ಕಾಣುತ್ತದೆ. ಚಿಕ್ಕ ಸೆನ್ಸರಿಗೆ ಮೂರಡಿಯೂ ಇಲ್ಲ. ಅದೇ ಜಾಗದಿಂದ 18 ಮಿ.ಮೀ.ಗೆ ಹೊರಳಿದರೆ ಹೆಚ್ಚುಕಡಿಮೆ ಎಂಟು ಅಡಿ. ದುರ್ಗ ಗುಡಿಯ ಪಥದಲ್ಲಿ ಕೆಲಸಕ್ಕೆ ಬರುವುದು ಈ ಕೊನೆಯದು, ಮತ್ತು ಕ್ಯಾಮೆರಾದ ಜೊತೆ ಕಂಪನಿಯೇ ಕೊಡುವ 18ರಿಂದ 55 ಮಿ.ಮೀ.ನ ಸಾಧಾರಣ ಲೆನ್ಸಿನಲ್ಲಿ ಅದು ಇದ್ದೇ ಇರುತ್ತದೆ. ಉದ್ದ ಮೂತಿಯ ಟೆಲಿಲೆನ್ಸಿನ ಮೋಹ ಹವ್ಯಾಸಿಗಳಲ್ಲಿ ಹೆಚ್ಚು. ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿಯವರಂಥವರಿಗೆ ಅದು ಬೇಕೇ ಬೇಕು. ಐಹೊಳೆಯ ಓಣಿಗಳಲ್ಲಿ ಅದು ಬಹುಪಾಲು ಚೀಲದ ಭಾರ.

ಹಾಗೆಯೇ ತಾನಾಗಿ ಫೋಕಸ್ ಹಿಡಿಯುವ ವೇಗಕ್ಕೆ ಹೆಚ್ಚು ಹಣ ತೆರುವ ಅಗತ್ಯವೂ ಇಲ್ಲ, ಕಲ್ಲು ಓಡಿಹೋಗುವುದಿಲ್ಲ. ನಿಕಾನ್ 1959ರಲ್ಲಿ ತಂದ ಲೆನ್ಸಿನ ತಿರುಗಣೆಯನ್ನೇ ತನ್ನ ಡಿಜಿಟಲ್ ಎಸ್‌ಎಲ್‌ಆರ್‌ಗಳಿಗೂ ಉಳಿಸಿಕೊಂಡದ್ದರಿಂದ ಅಪ್ಪನ ಕಾಲದ ಹಲವು ಲೆನ್ಸುಗಳು ಮಗನ ಕ್ಯಾಮೆರಾಕ್ಕೆ ಕೂಡುತ್ತವೆ. ಅಗ್ಗದ ಮಾದರಿಗಳಲ್ಲಿ ಅವು ಫೋಕಸ್ ಹಿಡಿಯುವುದಿಲ್ಲ, ತೀರಾ ಹಳೆಯವಕ್ಕೆ ಬೆಳಕಿನ ಅಳತೆಯೂ ತೋರುವುದಿಲ್ಲ. ಒಂದೆರಡು ಚಿತ್ರ ತೆಗೆದು ಪರದೆಯ ಮೇಲೆ ನೋಡಿ ತಿದ್ದಿಕೊಂಡರಾಯಿತು. ಕ್ಯಾನನ್‌ನವರು 1987ರಲ್ಲಿ ತಿರುಗಣೆಯನ್ನೇ ಬದಲಿಸಿದ್ದರಿಂದ ಅದಕ್ಕಿಂತ ಹಿಂದಿನ ಅವರ ಲೆನ್ಸುಗಳಿಗೆ ಈ ಭಾಗ್ಯವಿಲ್ಲ.

ಬಿಗ್ಸ್‌ನ ಕಾಲದ ಒಂದು ಅನುಕೂಲ ಮಾತ್ರ ಇಂದಿನ ಸಾಧಾರಣ ಕ್ಯಾಮೆರಾದಲ್ಲಿಲ್ಲ. ಎತ್ತರದ ಶಿಖರಕ್ಕಾಗಿ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಗುಡಿ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಮುಂಭಾಗ ಮೇಲೇಳುವಂಥ ಹಳೆಯ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಪೆಟ್ಟಿಗೆಯನ್ನು ನೆಟ್ಟಗಿಟ್ಟು ಲೆನ್ಸನ್ನಷ್ಟೇ ಎತ್ತಬಹುದಿತ್ತು. ಇಂದು ಅದಕ್ಕೆ ದುಬಾರಿಯ ಶಿಫ್ಟ್ ಲೆನ್ಸ್ ಬೇಕು, ಇಲ್ಲವೇ ದೂರ ಸರಿದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ನೇರ ಮಾಡಿಕೊಳ್ಳಬೇಕು.

ಬಾದಾಮಿಯಲ್ಲಿ ಪ್ರಶ್ನೆ ಬೇರೆ. ಅಲ್ಲಿನ ಗುಹೆಗಳ ಬಾಯಿ ಬಡಗಣಕ್ಕೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಸೂರ್ಯ ತೆಂಕಣ ಬಾನಿನಲ್ಲೇ ಇರುವುದರಿಂದ ನೇರ ಬಿಸಿಲು ಒಳಗೆ ಬೀಳದು. ಪ್ರವಾಸಿಗರು ಮುಗಿಬೀಳುವುದೂ ಅದೇ ತಿಂಗಳುಗಳಲ್ಲಿ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ತ್ರಿವಿಕ್ರಮನನ್ನು ಆಗ ತೋರಿಸುವುದು ಅಂಗಳದಿಂದ ಚಿಮ್ಮಿಬಂದ ಬೆಳಕು ಮಾತ್ರ. ಪುರಾತತ್ವ ಸರ್ವೇಕ್ಷಣೆಯ ಸ್ಮಾರಕಗಳಲ್ಲಿ ಮುಕ್ಕಾಲಿ ಹೂಡಲು ಮೊದಲೇ ಅನುಮತಿ ಪಡೆದಿರಬೇಕು. ಕೈಯಲ್ಲೇ ಹಿಡಿದು ತೆಗೆಯುವವರಿಗೆ ಮಂದ ಬೆಳಕಿನಲ್ಲೂ ಕಾಳುಕಾಳಾಗದ ಸೆನ್ಸರು, ಕೈನಡುಕ ತಡೆಯುವ ಲೆನ್ಸು, ಇವೆರಡಕ್ಕೆ ಹಣ ಹಾಕಿದರೆ ವ್ಯರ್ಥವಾಗದು. ಐಹೊಳೆಯಲ್ಲಿ ಲೆನ್ಸಿನ ಅಗಲ ಗೆದ್ದರೆ ಇಲ್ಲಿ ಕ್ಯಾಮೆರಾದ ಕಣ್ಣಿನ ಸೂಕ್ಷ್ಮತೆ ಗೆಲ್ಲುತ್ತದೆ. ಎರಡೂ ಊರುಗಳನ್ನು ಒಂದೇ ದಿನದಲ್ಲಿ ಮುಗಿಸಲು ಹೊರಟವರ ಪಾಡು ಸ್ವಲ್ಪ ಕಷ್ಟದ್ದೇ.

ದುರ್ಗ ಗುಡಿಯಲ್ಲಿ ಲೆಕ್ಕ ಉಲ್ಟಾ. ಚಳಿಗಾಲದ ಇಳಿ ಸೂರ್ಯ ಪಥದ ತೆಂಕಣ ಬದಿಯ ಕಂಬಗಳ ನಡುವೆ ಒಳಕ್ಕೆ ಹಣಕುತ್ತಾನೆ. ಫರ್ಗುಸನ್‌ರ ಮೇಜಿನ ಮೇಲಿನ ಚಿತ್ರಕ್ಕೆ ಸಿಗದಿದ್ದ ಮೂರ್ತಿಗಳ ಮೇಲೆ ಆ ಬಿಸಿಲು ಅಡ್ಡಲಾಗಿ ಬೀಳುವಷ್ಟು ಹೊತ್ತು, ಕಿಟ್ ಲೆನ್ಸಿನ 18 ಮಿ.ಮೀ. ಸಾಕು.