ಮತದ ಬಲ, ಕೊಬ್ಬರಿಯ ಬೆಲೆ: ತಿಪಟೂರು ಸೀಮೆಯಿಂದ ಚೀನಾದ ಸುಧಾರಣೆಯತ್ತ ಒಂದು ನೋಟ

ಚೀನಾದ ಆರ್ಥಿಕ ಬದಲಾವಣೆ ಮುಂದೊಂದು ದಿನ ರಾಜಕೀಯ ಬದಲಾವಣೆಯನ್ನೂ ತಂದೀತೇ ಎಂದು ವಿದ್ವಾಂಸರು ನಾಲ್ಕು ದಶಕಗಳಿಂದ ಕೇಳುತ್ತಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಕೇಳಬೇಕಾದ್ದು ಇದಕ್ಕೆ ತಿರುವುಮುರುವು. ಇಲ್ಲಿ ಮತ ಮೊದಲೇ ಕೈಸೇರಿದೆ. ಬೆಲೆ ಇನ್ನೂ ರೈತನ ಹಿಡಿತಕ್ಕೆ ಬಂದಿಲ್ಲ.

1978ರಲ್ಲಿ ಆನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಹಳ್ಳಿಗರು ಸಾಮೂಹಿಕ ಜಮೀನನ್ನು ಗುಟ್ಟಾಗಿ ಮನೆಮನೆಗೆ ಹಂಚಿಕೊಂಡರು. ಕೆಲವೇ ವರ್ಷಗಳಲ್ಲಿ ಸರ್ಕಾರವೇ ಆ ಪದ್ಧತಿಯನ್ನು ಒಪ್ಪಿತು, ಕಮ್ಯೂನುಗಳು ಕರಗಿದವು. ಗ್ರಾಮ ಸಮಿತಿ ಚುನಾವಣೆಯ ತಾತ್ಕಾಲಿಕ ಕಾನೂನು ಬಂದದ್ದು 1987ರ ನವೆಂಬರಿನಲ್ಲಿ. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಮತ ಹಾಕಿತ್ತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಮುನ್ನಡೆಸಿದ ಆ ವ್ಯವಸ್ಥೆಯಲ್ಲಿ ಮಹಿಳೆಯರಿಗೆ ಶೇಕಡ 25ರಷ್ಟು ಮೀಸಲಾತಿಯಿತ್ತು. ಚೀನಾದಲ್ಲಿ ಗ್ರಾಮ ಸಮಿತಿಯ ಮೇಲೆ ಕಮ್ಯುನಿಸ್ಟ್ ಪಕ್ಷದ ಶಾಖೆ ಉಳಿಯಿತು. ಇಲ್ಲಿ ಆಳುವ ಪಕ್ಷವೇ ಸೋಲಬಲ್ಲದು. ಈ ವ್ಯತ್ಯಾಸ ಸಣ್ಣದಲ್ಲ.

ಆದರೆ ಉಂಡೆ ಕೊಬ್ಬರಿಯ ಲೆಕ್ಕ ಬೇರೆ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತಿರಹತ್ತಿರ ವರ್ಷ ಇಡಬೇಕು. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಗುಡುಗುಡು ಎಂದ ಮೇಲೆಯೇ ಸುಲಿದು ಒಡೆಯುವುದು. ಅಟ್ಟ ತುಂಬಿದವನಿಗೆ ಕಾಯುವ ಶಕ್ತಿಯಿದೆ. ಸಾಲದ ಕಂತು, ಮಗಳ ಮದುವೆ ಎದುರಿಗಿರುವವನಿಗೆ ಇಲ್ಲ. 1966ರ ಎಪಿಎಂಸಿ ಕಾಯಿದೆ ಮಂಡಿ ವ್ಯವಹಾರವನ್ನು ಬಹಿರಂಗ ಹರಾಜಿಗೆ ತಂದಿತು, ಸಮಿತಿಗೆ ರೈತ ಪ್ರತಿನಿಧಿಗಳೂ ಆರಿಸಿ ಬರುವಂತೆ ಮಾಡಿತು. ದರ ಏರಿಸಿ ಇಳಿಸುವುದು ಮಾತ್ರ ಉತ್ತರ ಭಾರತದ ಹಬ್ಬ, ಮದುವೆಗಳ ಬೇಡಿಕೆ. ಅದಕ್ಕೆ ಯಾವ ಪಂಚಾಯಿತಿಯೂ ಠರಾವು ಮಾಡಲಾರದು.

2023 ಇದನ್ನು ಬಿಚ್ಚಿ ತೋರಿಸಿತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯ ದರ ಎಂಟು ಸಾವಿರದ ಆಸುಪಾಸಿಗೆ ಕುಸಿಯಿತು. ಆ ಮೇ ತಿಂಗಳ ಚುನಾವಣೆಯಲ್ಲಿ ತಿಪಟೂರಿನಲ್ಲಿ ಬಿ.ಸಿ. ನಾಗೇಶ್, ಚಿಕ್ಕನಾಯಕನಹಳ್ಳಿಯಲ್ಲಿ ಜೆ.ಸಿ. ಮಾಧುಸ್ವಾಮಿ, ಇಬ್ಬರು ಹಾಲಿ ಸಚಿವರು ಸೋತರು. ಸೋಲಿಗೆ ಕೊಬ್ಬರಿಯೊಂದೇ ಕಾರಣವೆನ್ನುವುದು ಅತಿಯಾದೀತು. ಗಮನಿಸಬೇಕಾದ್ದು ಆಮೇಲಿನದು: ರೈತರ ಹೋರಾಟದ ಒತ್ತಡಕ್ಕೆ ಕೇಂದ್ರದ ಪರವಾಗಿ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿ ನಡೆಯಿತು, ರಾಜ್ಯ ಸರ್ಕಾರ ಬೆಂಬಲ ಬೆಲೆಯ ಮೇಲೆ ಪ್ರೋತ್ಸಾಹಧನ ಸೇರಿಸಿತು. ಮತಕ್ಕೆ ಪರಿಹಾರ ತರಿಸುವ ಬಲವಿದೆ, ದರ ಕಟ್ಟುವ ಬಲವಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

2025ರಲ್ಲಿ ದರ 20,000 ದಾಟಿತು. ಇಳುವರಿ ಕುಗ್ಗಿತ್ತು, ಎಳನೀರಿಗೆ ಕಾಯಿ ಹೆಚ್ಚು ಹೋಗಿತ್ತು. ಲಾಭ ಸಿಕ್ಕಿದ್ದು ಅಟ್ಟದಲ್ಲಿ ಕಾಯಿ ಉಳಿಸಿಕೊಂಡವರಿಗೆ. ಹಾಗಾಗಿ ಈ ಸೀಮೆಯ ಮುಂದಿನ ಬದಲಾವಣೆಯನ್ನು ನಾನು ವಿಧಾನಸೌಧಕ್ಕಿಂತ ಹಳ್ಳಿಯ ಸಹಕಾರ ಸಂಘದಲ್ಲಿ ಹುಡುಕುತ್ತೇನೆ: ಅಟ್ಟದ ಕಾಯಿಯ ಮೇಲೆ ಕಡಿಮೆ ಬಡ್ಡಿಗೆ ಸಾಲ ಸಿಕ್ಕರೆ ಸಣ್ಣ ಹಿಡುವಳಿದಾರನೂ ವರ್ಷ ಕಾಯಬಲ್ಲ. ದರ ಮತ್ತೆ ಬಿದ್ದರೆ ಬೆಂಬಲ ಬೆಲೆಯ ಖರೀದಿಗೆ ಒಪ್ಪಿಗೆ ಮಾತ್ರ ಇಂದಿಗೂ ದೆಹಲಿಯಿಂದಲೇ ಬರಬೇಕು.