ಸರ್ಫಿಂಗ್: ಅಲೆಗಿಂತ ಸ್ವಂತ ಬೋರ್ಡೇ ಹೆಚ್ಚು ಡೇಂಜರ್

ಮುಲ್ಕಿ: 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದ ಮೇಲೆ ಇಲ್ಲಿಯವರಿಗೆ ಸರ್ಫಿಂಗ್ ಹೊಸದೇನಲ್ಲ. ಆದರೆ ಪೆಟ್ಟು ಎಲ್ಲಿಂದ ಬೀಳುತ್ತೆ ಅನ್ನೋದು ಕಲಿಯಲು ಬರುವ ಹೆಚ್ಚಿನವರಿಗೆ ಗೊತ್ತಿರಲ್ಲ. ಶಾರ್ಕ್ ಭಯ ಬಿಡಿ, ಹೆಚ್ಚಿನ ಗಾಯಕ್ಕೆ ಕಾರಣ ಅವರದ್ದೇ ಬೋರ್ಡು.

ಬೋರ್ಡಿನ ಅಡಿಯಲ್ಲಿರುವ ಫಿನ್ ಚೂರಿ ಹಾಗೆ ಕುಯ್ಯುತ್ತೆ, ಚೂಪು ತುದಿ ಮುಖಕ್ಕೆ ಬಡಿಯುತ್ತೆ. ಕಾಲಿಗೆ ಕಟ್ಟುವ ಲೀಶ್ ಹಗ್ಗ ರಬ್ಬರಿನಂತೆ ಹಿಗ್ಗುವುದರಿಂದ, ದೂರ ಹೋದ ಬೋರ್ಡು ಅಷ್ಟೇ ಜೋರಾಗಿ ವಾಪಸ್ ಬರುತ್ತೆ. ಬಿದ್ದವರು ನೀರಿಂದ ಮೇಲೇಳುವಾಗ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಳ್ಳಬೇಕು. ಹೊಸಬರಿಗೆ ಮೆತ್ತನೆ ಫೋಮ್ ಬೋರ್ಡ್ ಕೊಡೋದು ಇದಕ್ಕೇ.

ನಿಜವಾದ ಅಪಾಯ ಮರಳಿನ ದಿಬ್ಬ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ ಬಾಗಿಲಲ್ಲಿ ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ನಿನ್ನೆ ಆಳ ಇದ್ದ ಕಡೆ ಇವತ್ತು ಮೊಣಕಾಲುದ್ದ ನೀರು. ತಲೆ ಕೆಳಗಾಗಿ ಬಿದ್ದರೆ ಕುತ್ತಿಗೆ ಮೂಳೆ ಮುರಿಯಬಹುದು. ಅಂಥವರನ್ನು ಕೈಕಾಲು ಹಿಡಿದು ಎತ್ತಿ ರಿಕ್ಷಾಕ್ಕೆ ಹಾಕುವ ನಮ್ಮೂರ ಅಭ್ಯಾಸ ಇನ್ನೂ ಕೆಟ್ಟದ್ದು, ಉಳಿದಿದ್ದ ನರವೂ ಹೋಗಬಹುದು. ತಲೆ, ಕುತ್ತಿಗೆ ಅಲುಗಾಡದ ಹಾಗೆ ಹಿಡಿದು ನೀರಿಂದ ಹೊರತಂದು, ಅಂಗಾತ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಉಸಿರಾಟ ನಿಂತಿದ್ದರೆ ಮಾತ್ರ ಉಸಿರು ಕೊಡೋದು, ಎದೆ ಒತ್ತೋದೇ ಮೊದಲ ಕೆಲಸ.

ಬೀಳದೆಯೂ ಬೆನ್ನುಹುರಿಗೆ ಏಟಾಗೋದುಂಟು. 2004ರಲ್ಲಿ ಹವಾಯಿಯ ಪ್ರಕರಣಗಳ ಮೇಲೆ ವೈದ್ಯರು ಇದನ್ನು ವಿವರಿಸಿದ್ದರು. ಮೊದಲ ದಿನವೇ ತುಂಬಾ ಹೊತ್ತು ಬೋರ್ಡ್ ಮೇಲೆ ಬೋರಲು ಮಲಗಿ ಬೆನ್ನು ಹಿಂದಕ್ಕೆ ಬಾಗಿಸಿದಾಗ ಬೆನ್ನುಹುರಿಗೆ ರಕ್ತ ಕಡಿಮೆಯಾಗುತ್ತೆ. ಅಪರೂಪದ್ದೇ. ಆದರೆ ಬೆನ್ನುನೋವಿನ ಜತೆ ಕಾಲು ಜೋಮು ಹಿಡಿದರೆ ಮುಲಾಮು ಹಚ್ಚಿ ಕೂರಬಾರದು, ತಕ್ಷಣ ದೊಡ್ಡಾಸ್ಪತ್ರೆಗೇ ಹೋಗಬೇಕು.

ಹಳಬರಿಗೆ ಭುಜ ನೋವು ಮಾಮೂಲು, ಗಂಟೆಗಟ್ಟಲೆ ಕೈಯಲ್ಲಿ ನೀರು ತಳ್ಳೋದ್ರಿಂದ. ತೊರಕೆ ಮೀನಿನ ಮುಳ್ಳು ಚುಚ್ಚಿದರೆ ಸುಡದಷ್ಟು ಬಿಸಿನೀರಲ್ಲಿ ಕಾಲಿಟ್ಟರೆ ಉರಿ ಇಳಿಯುತ್ತೆ. ಮುಳ್ಳು ಒಳಗೇ ಉಳಿದಿದ್ದರೆ ಡಾಕ್ಟರೇ ತೆಗೆಯಬೇಕು.

ಫಿನ್ ಕುಯ್ದು ರಕ್ತ ಸುರಿಸಿಕೊಂಡು ಬಂದವರು ಮೊದಲು ಹತ್ತೋದು ಬೀಚ್ ಪಕ್ಕದ ಅಂಗಡಿ ಮೆಟ್ಟಿಲು. ಕಾಫಿ ಪುಡಿ, ಅರಸಿನ ಹಾಕಬೇಡಿ, ಆಮೇಲೆ ಹೊಲಿಗೆ ಹಾಕುವವರಿಗೆ ಅದನ್ನು ತೊಳೆಯೋದೇ ಕೆಲಸ. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಅಳಿವೆಯ ನೀರು, ಮರಳು ಗಾಯಕ್ಕೆ ಹೋಗಿರುತ್ತೆ, ಹಾಗಾಗಿ ಗಾಯ ಸಣ್ಣದಾದರೂ ತೊಳೆಸಿ, ಟಿಟಿ ಇಂಜೆಕ್ಷನ್ ಬೇಕಾ ಅಂತ ಡಾಕ್ಟರ್ ಹತ್ರ ಕೇಳಲು ಹೇಳಿ.