ಮನೆಯ ನಾಸ್‌ಗೆ ಯಾವ ಫೈಲ್ ಸಿಸ್ಟಂ?

ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ಹತ್ತಿರ. ಮನೆಮಂದಿಯ ಫೋಟೊ, ಮದುವೆ ವಿಡಿಯೊಗಳನ್ನು ಒಂದೆಡೆ ಇಡಲು ಹಾರ್ಡ್‌ಡಿಸ್ಕ್ ಹುಡುಕಿ ಬಂದವರು ಅಂಗಡಿಯಲ್ಲಿ ವಿಚಾರಿಸುವುದು ಎಷ್ಟು ಟಿಬಿ, ವಾರಂಟಿ ಎಷ್ಟು ವರ್ಷ ಎಂದಷ್ಟೇ. ಫೈಲ್ ಸಿಸ್ಟಂ ಮಾತು ಬರುವುದೇ ಅಪರೂಪ. ತಂದ ಡಿಸ್ಕನ್ನು ಹಾಗೇ ರೌಟರ್‌ಗೆ ಸಿಕ್ಕಿಸಿದರೆ ನಾಸ್ (ಮನೆಯವರೆಲ್ಲ ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್) ಆಯಿತು. ಮಳೆಗಾಲದ ಸಂಜೆ ಕರೆಂಟ್ ಹೋದಾಗ ಗೊತ್ತಾಗುತ್ತದೆ ಅದರ ಹಣೆಬರಹ.

ಹೀಗೆ ಬರುವ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಇರುವುದು ಎನ್‌ಟಿಎಫ್‌ಎಸ್ ಇಲ್ಲವೇ ಎಕ್ಸ್‌ಫ್ಯಾಟ್. ಎಕ್ಸ್‌ಫ್ಯಾಟ್ 2006ರದ್ದು, ಫ್ಯಾಟ್32ರ 4 ಜಿಬಿ ಮಿತಿ ದಾಟಲು, ಮುಖ್ಯವಾಗಿ ಪೆನ್‌ಡ್ರೈವ್, ಕ್ಯಾಮೆರಾ ಕಾರ್ಡುಗಳಿಗೆಂದು ಮೈಕ್ರೋಸಾಫ್ಟ್ ಮಾಡಿದ್ದು. ಜರ್ನಲ್ ಇಲ್ಲ. ಹಗಲೂ ರಾತ್ರಿ ಓಡುವ ಡಿಸ್ಕಿಗೆ ಅದು ಬೇಡವೇ ಬೇಡ. ಎನ್‌ಟಿಎಫ್‌ಎಸ್‌ಗೆ 1993ರಿಂದಲೇ ಜರ್ನಲ್ ಉಂಟು. ಆದರೆ ನಾಸ್ ಪೆಟ್ಟಿಗೆಗಳಲ್ಲಿ ಬಹುಪಾಲು ಓಡುವುದು ಲಿನಕ್ಸ್. ಅದರ ಕರ್ನಲ್‌ಗೆ ಸರಿಯಾಗಿ ಓದಿ ಬರೆಯಬಲ್ಲ ಎನ್‌ಟಿಎಫ್‌ಎಸ್ ಡ್ರೈವರ್ ಸೇರಿದ್ದು 2021ರಲ್ಲಿ.

ಯಾವ ಬದಲಾವಣೆ ಮಾಡಲಿದ್ದೇನೆಂದು ಫೈಲ್ ಸಿಸ್ಟಂ ಮೊದಲೇ ಬರೆದಿಟ್ಟುಕೊಳ್ಳುವ ಜಾಗವೇ ಜರ್ನಲ್. ಲಿನಕ್ಸ್‌ನ ಎಕ್ಸ್ಟ್2ರಲ್ಲಿ ಅದಿರಲಿಲ್ಲ. ಕರೆಂಟ್ ಹೋಗಿ ಬಂದರೆ ಇಡೀ ಡಿಸ್ಕಿನ ತಪಾಸಣೆ ಮುಗಿಯುವವರೆಗೆ ಕಾಯಬೇಕಿತ್ತು. 2001ರಲ್ಲಿ ಸ್ಟೀಫನ್ ಟ್ವೀಡಿಯವರ ಎಕ್ಸ್ಟ್3 ಆ ಕಾಟ ತಪ್ಪಿಸಿತು. 2008ರ ಕೊನೆಗೆ ಬಳಕೆಗೆ ಸಿದ್ಧವಾದ ಎಕ್ಸ್ಟ್4ರಲ್ಲಿ ನಮ್ಮವರ ಕೈಯೂ ಇದೆ. 2007ರ ಒಟ್ಟಾವಾ ಲಿನಕ್ಸ್ ಸಮ್ಮೇಳನದ ಎಕ್ಸ್ಟ್4 ಪ್ರಬಂಧದ ಲೇಖಕರಲ್ಲಿ ಐಬಿಎಂನ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. ದೊಡ್ಡ ಫೈಲಿಗೆ ಮುಂಚೆಯೇ ಜಾಗ ಕಾದಿರಿಸುವ ಫಾಲೊಕೇಟ್ ಅದೇ ವರ್ಷ ಕರ್ನಲ್ ಸೇರಿತು. ಅದಕ್ಕೆ ದುಡಿದವರು ಐಬಿಎಂನ ಭಾರತದ ತಂಡದ ಅಮಿತ್ ಅರೋರಾ. ಟೊರೆಂಟ್ ಇಳಿಸುವವರು ಅವರಿಗೊಂದು ನಮಸ್ಕಾರ ಹೇಳಬೇಕು.

ಎಕ್ಸ್ಟ್4ಗೂ ಬಾಲಾರಿಷ್ಟವಿತ್ತು. ವೇಗಕ್ಕಾಗಿ ಅದು ಡೇಟಾವನ್ನು ಮೆಮೊರಿಯಲ್ಲಿ ತಡೆದಿಟ್ಟು ನಿಧಾನವಾಗಿ ಡಿಸ್ಕಿಗೆ ಇಳಿಸುತ್ತಿತ್ತು. ಅಷ್ಟರಲ್ಲಿ ಯಂತ್ರ ನಿಂತರೆ ಫೈಲಿನ ಹೆಸರು ಉಳಿದು ಒಳಗೆ ಸೊನ್ನೆ. 2009ರಲ್ಲಿ ಈ ಬಗ್ಗೆ ದೊಡ್ಡ ಜಗಳವೇ ನಡೆದು, ಆಮೇಲೆ ತೇಪೆ ಬಿತ್ತು.

ಕರೆಂಟಿನ ಭಯ ಒಂದು ಬಗೆ. ಡಿಸ್ಕ್ ತಾನಾಗಿ, ಸದ್ದಿಲ್ಲದೆ ಒಂದು ಬಿಟ್ ಕೆಡಿಸುವುದು ಇನ್ನೊಂದು ಬಗೆ. ಅದಕ್ಕೆ ಜರ್ನಲ್‌ನಲ್ಲಿ ಮದ್ದಿಲ್ಲ. ಸನ್ ಕಂಪನಿಯಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ 2001ರಲ್ಲಿ ಕೈಹಚ್ಚಿದ ಝಡ್‌ಎಫ್‌ಎಸ್ ಪ್ರತಿ ಬ್ಲಾಕಿನ ಚೆಕ್‌ಸಮ್ಮನ್ನು ಆ ಬ್ಲಾಕಿನ ಜೊತೆಗಿಡದೆ, ಅದನ್ನು ತೋರಿಸುವ ಮೇಲಿನ ಬ್ಲಾಕಿನಲ್ಲಿ ಇಡುತ್ತದೆ. ಓದುವಾಗ ತಾಳೆಯಾಗದಿದ್ದರೆ ಜೋಡಿ ಡಿಸ್ಕಿನ ಪ್ರತಿಯಿಂದ ಸರಿಪಡಿಸುತ್ತದೆ. 2005ರಲ್ಲಿ ಓಪನ್‌ಸೋಲಾರಿಸ್ ಜೊತೆ ಇದರ ಕೋಡ್ ತೆರೆದುಕೊಂಡಿತು. ಅದೇ ಓಪನ್‌ಸೋಲಾರಿಸನ್ನು ಸಿಡಿಯಿಂದಲೇ ಓಡಿಸುವ ಬೆಲೆನಿಕ್ಸ್ ಹುಟ್ಟಿದ್ದು ಸನ್‌ನ ಬೆಂಗಳೂರು ಕೇಂದ್ರದಲ್ಲಿ. ಲೈಸೆನ್ಸ್ ಹೊಂದಿಕೆಯಾಗದ ಕಾರಣ ಝಡ್‌ಎಫ್‌ಎಸ್ ಇಂದಿಗೂ ಲಿನಕ್ಸ್ ಕರ್ನಲ್‌ನ ಹೊರಗೇ ಇದೆ. ಒಂದು ಟಿಬಿಗೆ ಒಂದು ಜಿಬಿ ರ‍್ಯಾಮ್ ಬೇಕೆಂಬ ಮಾತಿಗೆ ಮನೆಯವರು ಹೆದರಬೇಕಿಲ್ಲ.

ಕರ್ನಲ್ ಒಳಗೆ ಇಂಥದೊಂದು ಇಲ್ಲದ ಕೊರತೆ ತುಂಬಲು ಒರಾಕಲ್‌ನಲ್ಲಿ ಕ್ರಿಸ್ ಮೇಸನ್ 2007ರಲ್ಲಿ ಬಿಟಿಆರ್‌ಎಫ್‌ಎಸ್ ಶುರುಮಾಡಿದರು. ಎರಡು ಡಿಸ್ಕಿನಲ್ಲಿ ಒಂದೇ ಪ್ರತಿ ಇಡುವ ಮಿರರ್‌ಗೆ ಒಳ್ಳೆಯದು, ಹಲವು ಡಿಸ್ಕ್ ಜೋಡಿಸುವ ಅದರದೇ ರೇಡ್ 5, 6 ಮಾತ್ರ ಬೇಡ. ಸಿನಾಲಜಿ ಪೆಟ್ಟಿಗೆಗಳು ಜಾಣತನದಿಂದ ರೇಡ್ ಕೆಲಸವನ್ನು ಲಿನಕ್ಸ್‌ನ ಹಳೆಯ ರೇಡ್ ತಂತ್ರಾಂಶ ಎಂಡಿಗೆ ಬಿಟ್ಟಿವೆ. ಇದೇ ಬಗೆಯ ಇನ್ನೊಂದು ಫೈಲ್ ಸಿಸ್ಟಂ ಬಿಕ್ಯಾಶ್‌ಎಫ್‌ಎಸ್ 2024ರಲ್ಲಿ ಕರ್ನಲ್ ಒಳಗೆ ಬಂದು ಮರುವರ್ಷವೇ ಹೊರಬಿತ್ತು.

ಒಂದೇ ಡಿಸ್ಕಿನ ರಾಸ್ಪ್‌ಬೆರಿ ಪೈಗೆ ಎಕ್ಸ್ಟ್4 ಸಾಕು. ಎರಡು ಡಿಸ್ಕ್ ಇದ್ದರೆ ಝಡ್‌ಎಫ್‌ಎಸ್ ಮಿರರ್, ತಿಂಗಳಿಗೊಂದು ಸ್ಕ್ರಬ್, ಅಂದರೆ ಎಲ್ಲ ಡೇಟಾ ಓದಿ ಚೆಕ್‌ಸಮ್ ತಾಳೆ ನೋಡುವ ಕೆಲಸ. ಮಿರರ್‌ಗೆ ಎಸ್‌ಎಂಆರ್ (ಟ್ರ್ಯಾಕುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ) ಡಿಸ್ಕ್ ಬೇಡವೆಂದು ಅಂಗಡಿಯವರಿಗೆ ಮೊದಲೇ ಹೇಳಿ. ಹಾಳಾದ ಡಿಸ್ಕ್ ಬದಲಿಸುವಾಗ ಅಂಥವು ವಿಪರೀತ ನಿಧಾನವೆಂದು 2020ರಲ್ಲಿ ಬಯಲಾಯಿತು. ಮಿರರ್ ಇದೆಯೆಂದು ಬ್ಯಾಕಪ್ ಬಿಡುವಂತಿಲ್ಲ: ಮಗು ಅಳಿಸಿದ ಫೋಲ್ಡರ್ ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ಸ್ನ್ಯಾಪ್‌ಶಾಟ್ ಹಾಕಿಡಿ, ಇನ್ನೊಂದು ಪ್ರತಿಯನ್ನು ಊರಿನ ಮನೆಯಲ್ಲಿಡಿ. ಇನ್ವರ್ಟರ್ ಇದ್ದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಇಕೋ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ನಾಸ್ ಒಮ್ಮೆ ಆರಿ ಹತ್ತಬಹುದು.